ಮಂಗಳವಾರದ ನೆರಳು

ಪೀಣ್ಯ ಎರಡನೇ ಹಂತ. ಲೇತು ನಿಂತುಹೋದ ಶೆಡ್ಡಿನ ತಾರಸಿಯಲ್ಲಿ
ಉದ್ದಕ್ಕೆ ಎರಡು ಕೊಳ, ಒಂದು ಗೇಣು ಆಳ.
ಸೋಡಾ ಹಾಕಿದ ನೀರು. ನೀರೊಳಗೆ
ಒಂದೊಂದಾಗಿ ಕಣ್ಣಿಗೆ ಬೀಳದ,
ಒಟ್ಟಾಗಿ ಬರೀ ಹಸಿರೇ ಆದ ಸುರುಳಿ ಪಾಚಿ.
ಗಾಲಿಯೊಂದು ಹಗಲೆಲ್ಲ ನೀರು ದೂಡುತ್ತದೆ, ಕಿರ್ರೆನ್ನುತ್ತ.

ನನ್ನ ಕೆಲಸ ಲೆಕ್ಕ:
ಒಂದು ಸುರುಳಿಗೆ ದಿನಕ್ಕೆಷ್ಟು ಬಿಸಿಲು ದಕ್ಕೀತು?
ಒಂದು ಬೆರಳಗಲ ಇಳಿದರೆ ಬೆಳಕು ಅರ್ಧ,
ಇನ್ನೊಂದು ಬೆರಳಿಗೆ ಅರ್ಧದಲ್ಲಿ ಅರ್ಧ,
ತಳ ಮುಟ್ಟುವ ಹೊತ್ತಿಗೆ ಸಾವಿರಕ್ಕೊಂದು ಪಾಲು.
ಮೇಲಿನವೇ ಕೆಳಗಿನವಕ್ಕೆ ನೆರಳು. ಬೆಳೆದಷ್ಟೂ ಕತ್ತಲು.
ಅದಕ್ಕೇ ಗಾಲಿ. ಒಂದು ಗಳಿಗೆ ಮೇಲೆ, ಹತ್ತು ಗಳಿಗೆ ಕೆಳಗೆ,
ಬೀದಿನಲ್ಲಿಯ ಸಾಲಿನಲ್ಲಿ ಕಾಲಿಂದ ಕೊಡ ಸರಿಸಿದಂತೆ.

ಸೂರ್ಯನದೇನೂ ತಕರಾರಿಲ್ಲ.
ಹದಿಮೂರು ಡಿಗ್ರಿ ಉತ್ತರ ಅಂತ ಬರೆದರೆ ಸಾಕು,
ಏಪ್ರಿಲ್ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ
ಹೇಳಿದ ನಿಮಿಷಕ್ಕೆ ನೆತ್ತಿಗೆ ಬಂದು
ನನ್ನ ನೆರಳನ್ನು ನನ್ನ ಚಪ್ಪಲಿಯಡಿ ಬಚ್ಚಿಡುತ್ತಾನೆ.
ತಕರಾರು ಊರಿನದು.
ಜೂನಿನ ಮೋಡಕ್ಕೆ ಹೇಗೋ ಒಂದು ಸರಾಸರಿ ಹಿಡಿದೆ.
ಮಾಪಕದ ಮೇಲೆ ಕೂತು ಕೊಕ್ಕು ಉಜ್ಜುವ ಕಾಗೆಯನ್ನೂ
ಎರಡು ಸಾಲಿನ ಕೋಡಿನಲ್ಲಿ ಓಡಿಸಿದೆ.

ಆದರೂ ಮಂಗಳವಾರ, ಶುಕ್ರವಾರ,
ಮೂರೂ ಹತ್ತರಿಂದ ನಾಲ್ಕೂ ಕಾಲರವರೆಗೆ
ಗೆರೆ ಮೆಟ್ಟಿಲಿಳಿದಂತೆ ದಡಕ್ಕನೆ ಇಳಿಯುತ್ತಿತ್ತು.
ವೈರು ಬದಲಿಸಿದೆ. ಮಾಪಕವನ್ನು ಬೈದೆ.
ಒಂದು ತಿಂಗಳು ಆಕಾಶವನ್ನೇ ಅನುಮಾನಿಸಿದೆ.

ನೊರೆ ತೆಗೆಯುತ್ತಿದ್ದ ಮುನಿಚೂಡಪ್ಪ,
ಲಗ್ಗೆರೆಯಲ್ಲಿ ಸೊಪ್ಪಿನ ಮಡಿ ಕಟ್ಟಿದ ಕೈ,
ಗದ್ದ ಎತ್ತಿ ಪಡುವಣಕ್ಕೆ ತೋರಿಸಿದ.
ನಮಗಿಂತ ಒಂದಂತಸ್ತು ಎತ್ತರದ ಮನೆ. ಹಗ್ಗ.
ಹಗ್ಗದ ಮೇಲೆ ಜೋಡಿ ಮಂಚದ ನೀಲಿ ಹಾಸು, ದೊಡ್ಡ ದೊಡ್ಡ ಹೂವು.
"ಖಮರ್ ಬೀ ಮನೇದು ಮೇಡಂ.
ಕಾವೇರಿ ನೀರು ಬಿಡೋ ದಿನ ಅಲ್ವಾ, ಅವತ್ತೇ ಒಗೆಯೋದು."

ಹಾಸನ್ನು ಲೆಕ್ಕಕ್ಕೆ ಸೇರಿಸಿದೆ.
ಅಗಲ, ಉದ್ದ, ಹಗ್ಗದ ಎತ್ತರ,
ತೆಳು ಬಟ್ಟೆ, ನೂರಕ್ಕೆ ಮೂವತ್ತು ಬೆಳಕು ದಾಟೀತು,
ಗಾಳಿಗೆ ಪಟಪಟಿಸುವುದಕ್ಕೆ ಒಂದಿಷ್ಟು ಬಿಟ್ಟುಕೊಟ್ಟು,
ಆ ಪದಕ್ಕೆ ಖಮರ್ ಎಂದೇ ಹೆಸರಿಟ್ಟೆ.
ಖಮರ್ ಎಂದರೆ ಚಂದ್ರನಂತೆ. ಆಮೇಲೆ ತಿಳಿಯಿತು.
ವಾರಕ್ಕೆರಡು ಗ್ರಹಣ ಬರೆದಿದ್ದೆ ನಾನು.
ತಪ್ಪು ಅರ್ಧಕ್ಕಿಳಿಯಿತು. ದುಡ್ಡು ಹಾಕುವವರು ಬಂದು
ಗ್ರಾಫು ನೋಡಿ, ಕಾಫಿ ಕುಡಿದು ಹೋದರು.
ಆ ಪದ ಏನು ಎಂದು ಯಾರೂ ಕೇಳಲಿಲ್ಲ.

ಆಗಸ್ಟಿನ ಒಂದು ಶುಕ್ರವಾರ
ನನ್ನ ಸೂತ್ರ ನೆರಳು ಎಂದಿತು, ಮಾಪಕ ಬಿಸಿಲು ಎಂದಿತು.
ಮಂಗಳವಾರವೂ ಹಾಗೇ.
ಬರೀ ಹಗ್ಗ. ಅದರ ಮೇಲೆ ಎರಡು ಕ್ಲಿಪ್ಪು.
ಹೆಚ್ಚು ಬೆಳಕು ಎಂದರೆ ಹೆಚ್ಚು ಹಸಿರಲ್ಲ,
ಒಂದು ಮಿತಿ ದಾಟಿದರೆ ಪಾಚಿಯೂ ಬಸವಳಿಯುತ್ತದೆ.
"ಸೊಪ್ಪಿಗೆ ಬಿಸಿಲು ಹೊಡೀತು," ಎಂದ ಮುನಿಚೂಡಪ್ಪ,
ಅವನಿಗೆ ಇದೂ ಸೊಪ್ಪೇ.
"ಮಗಳ ಬಾಣಂತನಕ್ಕೆ ತುಮಕೂರಿಗೆ ಹೋಗವ್ರೆ. ಯಾವಾಗ ಬರ್ತಾರೋ."

ಮರುವಾರ ನೋಡಿದರೆ
ನಮ್ಮದೇ ಪೈಪಿನಿಂದ ಪೈಪಿಗೆ ದಾರ ಕಟ್ಟಿ
ತನ್ನ ಚೌಕಳಿ ಲುಂಗಿ ಒಗೆದು ಹರವಿದ್ದಾನೆ.
"ನಿಮ್ ಲೆಕ್ಕಕ್ಕೆ ಇಷ್ಟು ಸಾಕಾಗತ್ತಾ?"

ಸಾಕಾಗಲಿಲ್ಲ. ಅಗಲ ಕಮ್ಮಿ, ದಾರ ತಗ್ಗು,
ನೆರಳೆಲ್ಲ ನೀಲಿ ಡ್ರಮ್ಮಿನ ಮೇಲೆ ಬಿತ್ತು.
ಮೂರೂ ನಲವತ್ತಕ್ಕೆ ಗಾಳಿ ಎದ್ದಾಗ ಮಾತ್ರ
ಅದರ ಒಂದು ತುದಿ ಕೊಳ ಮುಟ್ಟಿತು,
ಗೆರೆ ಕೂದಲೆಳೆಯಷ್ಟು ಬಾಗಿತು.
ಸಮಯ ಬರೆದುಕೊಂಡೆ.

ಖಮರನ್ನು ಸೊನ್ನೆ ಮಾಡಿದ್ದೇನೆ, ಅಳಿಸಿಲ್ಲ.
ನಾಳೆ ಮಂಗಳವಾರ.
ನೀರು ಬಿಡುತ್ತಾರೆ.